ಫಿಫ್ಟಿ ಲೆನ್ಸ್: ಮುಖ ಚಲೋ ಬಂತು, ಗ್ವಾಡಿ ಎಲ್ಲಿ ಹೋತು?

ವಾರಕ್ಕೊಬ್ಬರಾದರೂ ನಮಗೆ ಫೋನ್ ಮಾಡಿ ಇದೇ ಪ್ರಶ್ನೆ ಕೇಳುತ್ತಾರೆ. "ಅಣ್ಣಾರ, ಫಿಫ್ಟಿ ಲೆನ್ಸ್ ತಗೋಬೇಕಂತ ಮಾಡೇನ್ರಿ. ತಗೋಬಹುದೇನ್ರಿ?"

ಕೇಳುವವರು ಬೇರೆ ಯಾರೂ ಅಲ್ಲ, ನಮ್ಮೂರುಗಳ ಹುಡುಗರು. ಒಬ್ಬ ಮದುವೆ, ಸೀಮಂತ, ನಾಮಕರಣದ ಫೋಟೊ ತೆಗೆಯುತ್ತಾನೆ. ಇನ್ನೊಬ್ಬ ಡಿಗ್ರಿ ಓದುತ್ತಲೇ ಯೂಟ್ಯೂಬ್ ಚಾನೆಲ್ ನಡೆಸುತ್ತಾನೆ. ಮತ್ತೊಬ್ಬ ನಮ್ಮ ಹಾಗೇ ಪತ್ರಿಕೆಗೆ ಬಿಡಿ ಸುದ್ದಿ ಕಳಿಸುವವನು. ಈಚೆಗೆ ಪತ್ರಿಕೋದ್ಯಮ ಓದುವ ಹುಡುಗಿಯರೂ ಕೇಳುತ್ತಿದ್ದಾರೆ. ಫೋನಿನಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಒಮ್ಮೆ ಬರೆದುಬಿಡೋಣ ಅಂತ ಕೂತಿದ್ದೇವೆ.

ಮೊದಲೇ ನಮ್ಮ ತೀರ್ಮಾನ ಹೇಳುತ್ತೇವೆ. ಫಿಫ್ಟಿ ಒಳ್ಳೆಯ ಲೆನ್ಸ್. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಅದು ನಿಮ್ಮ ಎರಡನೇ ಲೆನ್ಸ್ ಆಗಿರಲಿ, ಒಂದೇ ಲೆನ್ಸ್ ಆಗುವುದು ಬೇಡ. ಊರಿನ ಸುದ್ದಿ ಮಾಡುವವರಂತೂ ಅದನ್ನು ಸ್ವಲ್ಪ ಹೆದರಿಕೊಂಡೇ ಬಳಸಬೇಕು. ಯಾಕೆ ಅನ್ನುವುದಕ್ಕೆ ಒಬ್ಬ ಅಜ್ಜಿಯ ಕಥೆ ಇದೆ, ಮುಂದೆ ಹೇಳುತ್ತೇವೆ.

ನಾವು ನಾಲ್ಕು ಜನ ಗೆಳೆಯರು. ನಾಲ್ವರೂ ಪತ್ರಿಕೋದ್ಯಮದ ಡಿಪ್ಲೊಮಾ ಮಾಡಿ ಊರಿಗೆ ಮರಳಿದವರು. ಸುದ್ದಿಗಿಷ್ಟು, ಫೋಟೊಗಿಷ್ಟು ಅಂತ ಸಿಗುವ ದುಡ್ಡಿನಲ್ಲಿ ಪೆಟ್ರೋಲ್ ಕಳೆದರೆ ಉಳಿಯುವುದು ಎಷ್ಟು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆ ಸಂಪಾದನೆಯಲ್ಲಿ ಒಬ್ಬನೇ ಲೆನ್ಸ್ ಕೊಳ್ಳುವುದು ಆಗದ ಮಾತಾಗಿತ್ತು. ಮೂರು ವರ್ಷದ ಹಿಂದೆ ತಲಾ ಎರಡೂವರೆ ಸಾವಿರ ಹಾಕಿ ಒಂದು ಫಿಫ್ಟಿ ತಂದೆವು. ಒಂದೊಂದು ವಾರ ಒಬ್ಬೊಬ್ಬರ ಚೀಲದಲ್ಲಿರುತ್ತದೆ. ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದ್ದೂ ಇದೆ. ಹಾಗಾಗಿ ಇಲ್ಲಿ ಬರೆಯುವುದು ನಾಲ್ಕು ಜನರ ಅನುಭವ, ಒಬ್ಬನದಲ್ಲ.

ಏನಿದು ಫಿಫ್ಟಿ?

ಕ್ಯಾಮೆರಾ ಜೊತೆ ಬರುವ ಲೆನ್ಸ್ ಸಾಮಾನ್ಯವಾಗಿ 18–55 ಎಂಎಂ ಜೂಮ್. ಉಂಗುರ ತಿರುಗಿಸಿದರೆ ನೋಟ ಅಗಲವೂ ಆಗುತ್ತದೆ, ಹತ್ತಿರವೂ ಬರುತ್ತದೆ. ಫಿಫ್ಟಿಯಲ್ಲಿ ಆ ಸೌಲಭ್ಯವಿಲ್ಲ. ಅದು 50 ಎಂಎಂನಲ್ಲೇ ನಿಂತ ಲೆನ್ಸ್. ಇಂಥವನ್ನು ಪ್ರೈಮ್ ಲೆನ್ಸ್ ಅನ್ನುತ್ತಾರೆ. ಹತ್ತಿರ ಬೇಕೆಂದರೆ ನೀವೇ ಮುಂದೆ ಹೋಗಬೇಕು, ಅಗಲ ಬೇಕೆಂದರೆ ನೀವೇ ಹಿಂದೆ ಸರಿಯಬೇಕು. ಅಂದರೆ ಜೂಮ್ ನಿಮ್ಮ ಕಾಲಿನಲ್ಲಿರುತ್ತದೆ.

ನಮ್ಮ ಕಡೆ ಹೆಚ್ಚು ಓಡಾಡುವುದು ಕೆನಾನ್ ಕಂಪನಿಯ ಇಎಫ್ 50 ಎಂಎಂ ಎಫ್ 1.8 ಎಸ್‌ಟಿಎಂ. ಇದರ ಹಿಂದಿನ ಮಾದರಿ 1990ರಲ್ಲಿ ಬಂದಿತ್ತು. ಕ್ಯಾಮೆರಾಕ್ಕೆ ಕೂರುವ ಬಳೆಯೂ ಅದರಲ್ಲಿ ಪ್ಲಾಸ್ಟಿಕ್ಕಿನದೇ, ಫೋಕಸ್ ಮಾಡುವಾಗ ಜೀರುಂಡೆ ಹಾಗೆ ಸದ್ದು. 2015ರಲ್ಲಿ ಎಸ್‌ಟಿಎಂ ಮಾದರಿ ಬಂತು. ಬಳೆ ಲೋಹದ್ದಾಯಿತು, ಮೋಟರಿನ ಸದ್ದು ಇಳಿಯಿತು, 35 ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್ ಆಗುವಂತಾಯಿತು. ತೂಕ ಸುಮಾರು 160 ಗ್ರಾಂ. ಹೊಸದಕ್ಕೆ ಹತ್ತು ಸಾವಿರದ ಆಸುಪಾಸು ಬೀಳುತ್ತದೆ. ನಿಕಾನ್ ಇರುವವರಿಗೆ ಎಎಫ್‌-ಎಸ್ 50 ಎಂಎಂ ಎಫ್ 1.8ಜಿ ಮತ್ತು 35 ಎಂಎಂ ಎಫ್ 1.8ಜಿ ಇವೆ.

ಕೊಳ್ಳುವ ಮೊದಲು ಒಂದು ಎಚ್ಚರ. ನಿಕಾನ್ ಡಿ3500, ಡಿ5600 ಥರದ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟರ್ ಇರುವುದಿಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ಹಳೆಯ 50 ಎಂಎಂ 1.8ಡಿ ತಂದರೆ ಅವುಗಳಲ್ಲಿ ತಾನಾಗಿ ಫೋಕಸ್ ಆಗುವುದಿಲ್ಲ, ಕೈಯಿಂದಲೇ ತಿರುಗಿಸಬೇಕು. ಲೆನ್ಸಿನ ಮೇಲೆ ಎಎಫ್‌-ಎಸ್ ಅಂತ ಇದೆಯೇ ನೋಡಿ ದುಡ್ಡು ಕೊಡಿ. ಕೆನಾನ್ ಕಂಪನಿಯ ಹೊಸ ಆರ್ ಸರಣಿಯ ಮಿರರ್‌ಲೆಸ್ ಕ್ಯಾಮೆರಾ ಇದ್ದರೆ ಇಎಫ್ ಲೆನ್ಸ್ ನೇರವಾಗಿ ಕೂರುವುದಿಲ್ಲ, ನಡುವೆ ಅಡಾಪ್ಟರ್ ಬೇಕು. ಆ ಕ್ಯಾಮೆರಾಗಳಿಗೆಂದೇ 2020ರಲ್ಲಿ ಆರ್‌ಎಫ್ 50 ಎಂಎಂ ಎಫ್ 1.8 ಬಂದಿದೆ.

ಬೆಳಕಿನ ಲೆಕ್ಕ

ಫಿಫ್ಟಿ ಕೊಡುವ ದೊಡ್ಡ ಲಾಭ ಬೆಳಕು. ಎಫ್ 1.8, ಎಫ್ 5.6 ಅನ್ನುವುದು ಲೆನ್ಸಿನ ಕಂಡಿ ಎಷ್ಟು ತೆರೆಯುತ್ತದೆ ಅನ್ನುವ ಲೆಕ್ಕ. ಅಂಕಿ ಚಿಕ್ಕದಾದಷ್ಟೂ ಕಂಡಿ ದೊಡ್ಡದು. 18–55 ಲೆನ್ಸನ್ನು 50ಕ್ಕೆ ತಿರುಗಿಸಿದಾಗ ಅದು ಹೆಚ್ಚೆಂದರೆ 5.6ರವರೆಗೆ ತೆರೆಯುತ್ತದೆ. ಆಗ ಕಂಡಿಯ ಅಗಲ ಸುಮಾರು 9 ಮಿಲಿಮೀಟರ್, ಅಂಗಿಯ ಗುಂಡಿಯಷ್ಟು ಅಂದುಕೊಳ್ಳಿ. ಫಿಫ್ಟಿ 1.8ರಲ್ಲಿ ಸುಮಾರು 28 ಮಿಲಿಮೀಟರ್ ತೆರೆಯುತ್ತದೆ, ಹತ್ತು ರೂಪಾಯಿ ನಾಣ್ಯದಷ್ಟು. ಬರುವ ಬೆಳಕು ಹೆಚ್ಚುಕಡಿಮೆ ಹತ್ತು ಪಟ್ಟು.

ಹತ್ತು ಪಟ್ಟು ಅಂದರೇನು ಅಂತ ರಾತ್ರಿ ದೊಡ್ಡಾಟ ನೋಡುವಾಗ ಗೊತ್ತಾಗುತ್ತದೆ. ಗುಡಿ ಮುಂದೆ ಅಟ್ಟ ಕಟ್ಟಿರುತ್ತಾರೆ, ಮೇಲೆ ನಾಲ್ಕು ಲೈಟು. ಪಾತ್ರಧಾರಿ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಕುಣಿಯುತ್ತಿರುತ್ತಾನೆ. ಜೂಮ್ ಲೆನ್ಸಿನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಶಟರ್ ತೆರೆದಿಡಬೇಕಾದ ಕಡೆ ಫಿಫ್ಟಿಯಲ್ಲಿ ನೂರನೇ ಒಂದು ಭಾಗ ಸಾಕು. ಮೊದಲನೆಯದರಲ್ಲಿ ಕುಣಿಯುವವನ ಕೈ ಹೊಗೆಯ ಹಾಗೆ ಬರುತ್ತದೆ. ಎರಡನೆಯದರಲ್ಲಿ ಬಣ್ಣ ಬಳಿದ ಮುಖದ ಬೆವರಿನ ಹನಿಯೂ ಕಾಣುತ್ತದೆ. ಫ್ಲಾಶ್ ಹೊಡೆದರೆ ಆಗದೇ? ಆಗುತ್ತದೆ. ಆದರೆ ಕಲಾವಿದರ ಕಣ್ಣಿಗೆ ಹೊಡೆಯುತ್ತದೆ, ಜನ ಬೈಯುತ್ತಾರೆ, ಫೋಟೊದಲ್ಲಿ ಎಲ್ಲರೂ ಪೊಲೀಸ್ ಠಾಣೆಯ ಫೋಟೊದವರ ಹಾಗೆ ಕಾಣುತ್ತಾರೆ.

ಕರೆಂಟ್ ಹೋದ ಊರಿನ ಗ್ರಂಥಾಲಯದಲ್ಲಿ ಓದುವ ಮಕ್ಕಳು, ಬೆಳಕಿಂಡಿಯ ಕೆಳಗೆ ಮಗ್ಗದ ಮುಂದೆ ಕೂತ ನೇಕಾರ, ನಸುಕಿನಲ್ಲಿ ಹಾಲಿನ ಡೇರಿ ಮುಂದೆ ಕ್ಯಾನ್ ಹಿಡಿದು ನಿಂತ ಹೆಂಗಸರು, ಇವರೆಲ್ಲರ ಫೋಟೊ ನಮಗೆ ಫಿಫ್ಟಿಯಿಂದಲೇ ಸಿಕ್ಕಿದ್ದು. ಊರಿನ ಬದುಕಿನಲ್ಲಿ ಅರ್ಧ ಕತ್ತಲಲ್ಲೇ ನಡೆಯುತ್ತದೆ. ಅದನ್ನು ಕಂಡ ಹಾಗೆ ತೋರಿಸಲು ಇಷ್ಟು ಕಡಿಮೆ ದುಡ್ಡಿನಲ್ಲಿ ಬೇರೆ ದಾರಿ ನಮಗೆ ಸಿಕ್ಕಿಲ್ಲ.

ಹತ್ತಿರ ಹೋಗುವ ಪಾಠ

ಎರಡನೇ ಲಾಭ ಲೆನ್ಸಿನದಲ್ಲ, ನಮ್ಮದು. ಜೂಮ್ ಇದ್ದಾಗ ರಸ್ತೆಯ ಆಚೆ ನಿಂತು, ಆ ಮನುಷ್ಯನಿಗೆ ಗೊತ್ತಿಲ್ಲದ ಹಾಗೆ ಫೋಟೊ ಎಳೆದುಕೊಂಡು ಬರುತ್ತಿದ್ದೆವು. ಫಿಫ್ಟಿಯಲ್ಲಿ ಅದು ನಡೆಯದು. ಮುಖ ತುಂಬ ಬರಬೇಕಾದರೆ ಮೂರು ನಾಲ್ಕು ಹೆಜ್ಜೆ ಹತ್ತಿರ ಹೋಗಲೇಬೇಕು. ಹತ್ತಿರ ಹೋದ ಮೇಲೆ ಸುಮ್ಮನೆ ಕ್ಲಿಕ್ ಮಾಡಲು ಬರುವುದಿಲ್ಲ. "ಕಾಕಾ, ಒಂದ್ ಫೋಟೊ ತಗೀಲೇನ್ರಿ?" ಅನ್ನಬೇಕು. ಅವರು ಬೇಡ ಅಂದರೆ ಬಿಡಬೇಕು. ಹೂಂ ಅಂದರೆ ಕೂತು ಚಹಾ ಕುಡಿದು ಮಾತಾಡಬೇಕು. ನಮ್ಮ ಎಷ್ಟೋ ಸುದ್ದಿಗಳು ಆ ಚಹಾದಲ್ಲಿ ಸಿಕ್ಕಿವೆ.

ಫೋನಿನಲ್ಲೇ ಪೋರ್ಟ್ರೇಟ್ ಮೋಡ್ ಇದೆಯಲ್ಲ, ಇದೆಲ್ಲ ಯಾಕೆ ಅಂತ ನೀವು ಕೇಳಬಹುದು. ಫೋನ್ ಹಿನ್ನೆಲೆಯನ್ನು ಮಬ್ಬು ಮಾಡುವುದು ಹೆಚ್ಚಿನ ಮಟ್ಟಿಗೆ ಲೆಕ್ಕ ಹಾಕಿ. ಎಲ್ಲಿ ಮನುಷ್ಯ ಮುಗಿದ, ಎಲ್ಲಿ ಹಿಂದಿನದು ಶುರುವಾಯಿತು ಅಂತ ಊಹಿಸಿ ಅಳಿಸುತ್ತದೆ. ಹಾಗಾಗಿ ಪಟಗದ ಚುಂಗು, ಹಾರುವ ಕೂದಲು, ಎತ್ತಿನ ಕೋಡಿನ ತುದಿ ಕೆಲವೊಮ್ಮೆ ಅಳಿಸಿಹೋಗುತ್ತವೆ. ಲೆನ್ಸ್ ಊಹಿಸುವುದಿಲ್ಲ, ದೂರಕ್ಕೆ ತಕ್ಕಂತೆ ಮಬ್ಬು ಮಾಡುತ್ತದೆ.

ಆದರೆ ಒಂದು ಮಾತು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಹಾಡುಹಗಲಿನಲ್ಲಿ ತೆಗೆದ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಸಣ್ಣದಾಗಿ ನಿಮ್ಮ ಫೋನಿಗೆ ಬಂದಾಗ, ಅದು ಹತ್ತು ಸಾವಿರದ ಲೆನ್ಸಿನದೋ ಕ್ಯಾಮೆರಾ ಜೊತೆ ಪುಕ್ಕಟೆ ಬಂದ ಲೆನ್ಸಿನದೋ ನಮಗೂ ಗೊತ್ತಾಗುವುದಿಲ್ಲ. ಬೆಳಕು ಚೆನ್ನಾಗಿದ್ದಾಗ ಫಿಫ್ಟಿ ಕೊಡುವ ಲಾಭ ಬಹಳ ಕಡಿಮೆ. ಅಂಗಡಿಯವರು ಇದನ್ನು ಹೇಳುವುದಿಲ್ಲ.

ಎಲ್ಲೆಲ್ಲಿ ಕೈ ಕೊಡುತ್ತದೆ?

ಮೊದಲನೆಯದು, ಜಾಗ. ನಮ್ಮ ಕೈಯಲ್ಲಿರುವ ಸಾಮಾನ್ಯ ಕ್ಯಾಮೆರಾಗಳ ಸೆನ್ಸರ್ ಚಿಕ್ಕದು. ಅವುಗಳಲ್ಲಿ 50 ಎಂಎಂ ಲೆನ್ಸ್ ದೊಡ್ಡ ಸೆನ್ಸರಿನ ಕ್ಯಾಮೆರಾದ 75–80 ಎಂಎಂನಷ್ಟು ಹತ್ತಿರದ ನೋಟ ಕೊಡುತ್ತದೆ. ಹತ್ತು ಅಡಿ ದೂರ ನಿಂತರೆ ಅಡ್ಡಕ್ಕೆ ನಾಲ್ಕೂವರೆ ಅಡಿಯಷ್ಟೇ ಹಿಡಿಯುತ್ತದೆ. ಜನತಾ ಮನೆಯ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಇಬ್ಬರಿಗಿಂತ ಹೆಚ್ಚು ಜನ ಬರುವುದಿಲ್ಲ. ಆರು ಜನರ ಕುಟುಂಬದ ಫೋಟೊ ಬೇಕೆಂದರೆ ಅಂಗಳಕ್ಕೆ ಕರೆಯಬೇಕು. ಮದುವೆಯ ಹುಡುಗರಿಗೆ ಇದನ್ನು ಮತ್ತೆ ಮತ್ತೆ ಹೇಳುತ್ತೇವೆ: ಅಕ್ಕಿಕಾಳು ಹಾಕುವ ಹೊತ್ತಿಗೆ ಕ್ಯಾಮೆರಾಕ್ಕೆ ಫಿಫ್ಟಿ ಒಂದನ್ನೇ ಹಾಕಿಕೊಂಡು ನಿಂತರೆ ಕೆಟ್ಟಿರಿ. ಬೀಗರು ಇಡೀ ಹಂದರ ಕೇಳುತ್ತಾರೆ, ನಿಮ್ಮ ಹತ್ತಿರ ಮದುಮಗಳ ಮೂಗುತಿ ಮಾತ್ರ ಇರುತ್ತದೆ.

ಎರಡನೆಯದು, ಕಾಲಿನ ಜೂಮ್ ಎಲ್ಲ ಕಡೆ ನಡೆಯದು. ದೀಪಾವಳಿ ಆದ ಮೇಲೆ ಹಾವೇರಿ, ಶಿವಮೊಗ್ಗ ಕಡೆ ಹೋರಿ ಬೆದರಿಸುವ ಸ್ಪರ್ಧೆ ಇರುತ್ತವೆ. ಕೊಬ್ಬರಿ ಸರ ಕಟ್ಟಿಕೊಂಡ ಹೋರಿ ಓಡಿ ಬರುವಾಗ ಹತ್ತಿರದ ನೋಟ ಬೇಕೆಂದು ಯಾರಾದರೂ ಎದುರಿಗೆ ನಡೆಯುತ್ತಾರೆಯೇ? ಅಲ್ಲಿಗೆ 55–250ರಂಥ ಉದ್ದನೆಯ ಜೂಮ್ ಬೇಕು, ಇಲ್ಲವೇ ಬೇಲಿಯ ಹಿಂದೆ ನಿಂತು ಸಿಕ್ಕಿದ್ದರಲ್ಲಿ ತೃಪ್ತಿಪಡಬೇಕು. ಫೋಟೊಗಾಗಿ ಅಖಾಡಕ್ಕೆ ಇಳಿಯಬೇಡಿ. ಫೋಟೊ ನಾಳೆಯೂ ಸಿಗುತ್ತದೆ.

ಮೂರನೆಯದು, ಫೋಕಸ್. ಕಂಡಿ ಪೂರ್ತಿ ತೆರೆದಾಗ ಚೊಕ್ಕವಾಗಿ ಕಾಣುವ ಆಳ ಬಹಳ ತೆಳು. ಒಂದು ಮೀಟರ್ ದೂರದಿಂದ ತೆಗೆದರೆ ಮೂರು ಸೆಂಟಿಮೀಟರ್ ಕೂಡ ಇರುವುದಿಲ್ಲ. ಮೂಗಿನ ತುದಿ ಚೊಕ್ಕ, ಕಣ್ಣು ಮಬ್ಬು ಆಗಿಬಿಡುತ್ತದೆ. ಕ್ಯಾಮೆರಾದ ಚಿಕ್ಕ ಪರದೆಯಲ್ಲಿ ಎಲ್ಲ ಚೆನ್ನಾಗಿ ಕಾಣುತ್ತದೆ, ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದಾಗ ಎದೆ ಧಸಕ್ಕನ್ನುತ್ತದೆ. ಕತ್ತಲಲ್ಲಿ ಅಗ್ಗದ ಕ್ಯಾಮೆರಾದ ಫೋಕಸ್ ಹಿಂದೆ ಮುಂದೆ ತಡಕಾಡುವುದೂ ಉಂಟು. ನಮ್ಮ ಉಪಾಯ ಇಷ್ಟು: ಕ್ಯಾಮೆರಾವನ್ನು ನಡುವಿನ ಒಂದೇ ಫೋಕಸ್ ಬಿಂದುವಿಗೆ ಇಟ್ಟುಕೊಳ್ಳುವುದು, ಬೆಳಕು ಕತ್ತಲು ಕೂಡುವ ಅಂಚಿನ ಮೇಲೆ ಹಿಡಿಯುವುದು, ಒಂದರ ಬದಲು ನಾಲ್ಕು ತೆಗೆಯುವುದು. ಮುಖವಿದ್ದರೆ ಕಣ್ಣಿನ ಮೇಲೆ, ಅದೂ ನಮಗೆ ಹತ್ತಿರವಿರುವ ಕಣ್ಣಿನ ಮೇಲೆ ಫೋಕಸ್.

ನಾಲ್ಕನೆಯದು, ಕೈ ನಡುಕ. ಅನೇಕ 18–55 ಲೆನ್ಸುಗಳಲ್ಲಿ ನಡುಕ ತಡೆಯುವ ವ್ಯವಸ್ಥೆ ಇರುತ್ತದೆ. ಈ ಫಿಫ್ಟಿಯಲ್ಲಿ ಇಲ್ಲ. ಶಟರ್ ವೇಗ ನೂರನೇ ಒಂದು ಭಾಗಕ್ಕಿಂತ ನಿಧಾನವಾಗದಂತೆ ನೋಡಿಕೊಳ್ಳಿ. ನಡೆಯುತ್ತ ವಿಡಿಯೊ ಮಾಡುವವರಿಗೆ ಇದು ಸಲ್ಲದು. ಮೂರುಕಾಲಿನ ಸ್ಟ್ಯಾಂಡ್ ಮೇಲಿಟ್ಟು ಸಂದರ್ಶನ ಮಾಡುವವರಿಗೆ ಸಲ್ಲುತ್ತದೆ. ಆದರೆ ಕ್ಯಾಮೆರಾದ ಮೈಕು ಫೋಕಸ್ ಸದ್ದನ್ನು ಸ್ವಲ್ಪ ಹಿಡಿಯುತ್ತದೆ, ಅಂಗಿಗೆ ಸಿಕ್ಕಿಸುವ ಮೈಕು ಬೇರೆ ಇರಲಿ.

ಐದನೆಯದು, ಬಾಳಿಕೆ. ಫೋಕಸ್ ಮಾಡುವಾಗ ಈ ಲೆನ್ಸಿನ ಮೂತಿ ಮುಂದೆ ಬರುತ್ತದೆ. ಹಾಗೆ ಹೊರಗೆ ಬಂದಿರುವಾಗ ಬಡಿತ ಬಿದ್ದರೆ ಒಳಗಿನ ಯಂತ್ರಕ್ಕೆ ಪೆಟ್ಟು. ಕ್ಯಾಮೆರಾ ಬಂದ್ ಮಾಡಿದಾಗ ಉಂಗುರ ತಿರುಗಿಸಿದರೂ ಫೋಕಸ್ ಕದಲುವುದಿಲ್ಲ, ಅದು ಕೆಟ್ಟಿದೆ ಅಂತಲ್ಲ, ಅದರ ರಚನೆಯೇ ಹಾಗೆ. ನೀರು, ಧೂಳು ತಡೆಯುವ ಸೀಲೂ ಇಲ್ಲ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಂಥ ಕಡೆ ಹೋದಾಗ ಲೆನ್ಸ್ ಬದಲಿಸಬೇಡಿ. ಘಾಟಿಗೆ ನೀವು ಸೀನಬಹುದು, ಆದರೆ ಸೆನ್ಸರ್ ಮೇಲೆ ಕೂತ ಪುಡಿ ಸೀನಿದರೆ ಹೋಗುವುದಿಲ್ಲ. ಯಾವ ಲೆನ್ಸ್ ಬೇಕೋ ಹೊರಗೇ ಹಾಕಿಕೊಂಡು ಒಳಗೆ ಹೋಗಿ.

ಅಜ್ಜಿ ಕೇಳಿದ ಪ್ರಶ್ನೆ

ಈಗ ಕಥೆಗೆ ಬರೋಣ. ಲೆನ್ಸ್ ಬಂದ ಮೊದಲ ಮಳೆಗಾಲ. ಹೊಳೆ ದಂಡೆಯ ಒಂದು ಹಳ್ಳಿಯಲ್ಲಿ ವಾರವಿಡೀ ಮಳೆ ಹಿಡಿದು ಮಣ್ಣಿನ ಮನೆಗಳು ಕುಸಿದಿದ್ದವು. ಆ ವಾರ ಫಿಫ್ಟಿ ಇದ್ದವನು ನಮ್ಮಲ್ಲೊಬ್ಬ. ಕುಸಿದ ಗೋಡೆಯ ಮುಂದೆ ಒಬ್ಬ ಅಜ್ಜಿ ಕಂಬಳಿ ಹೊದ್ದು ಕೂತಿದ್ದಳು. ಹೊಸ ಲೆನ್ಸಿನ ಹುರುಪು. ಕಂಡಿ ಪೂರ್ತಿ ತೆರೆದು, ಐದಡಿ ದೂರದಲ್ಲಿ ಮೊಣಕಾಲೂರಿ ಕೂತು ತೆಗೆದ. ಫೋಟೊ ನಿಜಕ್ಕೂ ಅದ್ಭುತವಾಗಿತ್ತು. ಮುಖದ ಒಂದೊಂದು ಗೆರೆ, ಕಣ್ಣಂಚಿನ ನೀರು, ಎಲ್ಲ ಎದ್ದು ಕಾಣುತ್ತಿತ್ತು. ಹಿಂದೆ ಬೆಣ್ಣೆ ಸವರಿದ ಹಾಗೆ ಕಂದು ಬಣ್ಣದ ಮಬ್ಬು. ಪತ್ರಿಕೆಯಲ್ಲಿ ನಾಲ್ಕು ಕಾಲಂ ಬಂತು. ಗ್ರೂಪಿನಲ್ಲೆಲ್ಲ ಶಹಬ್ಬಾಸ್. ನಾವು ನಾಲ್ವರೂ ಬೀಗಿದೆವು.

ಐದಾರು ದಿನದ ಮೇಲೆ ಪತ್ರಿಕೆಯ ಆ ಹಾಳೆ ಹಿಡಿದುಕೊಂಡು ಅಜ್ಜಿಯ ಮೊಮ್ಮಗ ಬಂದ, ಜೊತೆಗೆ ಅಜ್ಜಿಯೂ ಬಂದಿದ್ದಳು. ಮನೆ ಹಾನಿಯ ಅರ್ಜಿ ಕೊಡಬೇಕಿತ್ತು. ಅಷ್ಟರಲ್ಲಿ ಓಣಿಯವರು ದಾರಿಗೆ ಅಡ್ಡವಾಗಿದ್ದ ಮಣ್ಣು ಎತ್ತಿ ಹಾಕಿದ್ದರು, ಉಳಿದ ಅರ್ಧ ಗೋಡೆಯನ್ನೂ ಮೈಮೇಲೆ ಬಿದ್ದೀತೆಂದು ಕೆಡವಿದ್ದರು. ಮೊದಲು ಹೇಗಿತ್ತು ಅಂತ ತೋರಿಸಲು ಅವರ ಹತ್ತಿರ ಇದ್ದದ್ದು ನಮ್ಮ ಫೋಟೊ ಒಂದೇ.

ಅಜ್ಜಿ ಹಾಳೆಯನ್ನು ನಮ್ಮ ಮುಂದೆ ಬಿಡಿಸಿ ಇಟ್ಟಳು. "ನನ್ನ ಮುಖ ಚಲೋ ಬಂದೈತಿ ತಮ್ಮಾ. ಗ್ವಾಡಿ ಎಲ್ಲೈತಿ?"

ನಮ್ಮ ಹತ್ತಿರ ಉತ್ತರವಿರಲಿಲ್ಲ. ಕಾರ್ಡಿನಲ್ಲಿದ್ದ ಮೂವತ್ತು ಫೋಟೊ ತೆಗೆದು ನೋಡಿದೆವು. ಮೂವತ್ತರಲ್ಲೂ ಅಜ್ಜಿಯ ಮುಖ. ಒಂದರಲ್ಲೂ ಗೋಡೆಯಿಲ್ಲ. ಇದ್ದದ್ದು ಬರೀ ಕಂದು ಬಣ್ಣ. ಅದು ಬಿದ್ದ ಗೋಡೆಯೋ, ಗೊಬ್ಬರದ ತಿಪ್ಪೆಯೋ, ಒಣಗಿದ ಹೊಲವೋ ಹೇಳಲು ದೇವರಿಗೂ ಬಾರದು. ಕಡೆಗೆ ಪಕ್ಕದ ಮನೆಯ ಹುಡುಗ ಸಾದಾ ಫೋನಿನಲ್ಲಿ ಸೊಟ್ಟಗೆ ತೆಗೆದ ಒಂದು ಫೋಟೊ ಸಿಕ್ಕಿತು. ಅದರಲ್ಲಿ ಗೋಡೆ ಇತ್ತು, ತೊಲೆ ಇತ್ತು, ಮೂಲೆಯಲ್ಲಿ ಕೂತ ಅಜ್ಜಿಯೂ ಇದ್ದಳು. ಅರ್ಜಿಗೆ ಅದನ್ನೇ ಲಗತ್ತಿಸಿದರು.

ಹತ್ತು ಸಾವಿರದ ಲೆನ್ಸ್ ಮಾಡದ ಕೆಲಸವನ್ನು ಪರದೆ ಒಡೆದ ಫೋನ್ ಮಾಡಿತು. ತಪ್ಪು ಲೆನ್ಸಿನದಲ್ಲ, ನಮ್ಮದು. ಕಂಡಿ ಎಷ್ಟು ತೆರೆಯಬೇಕು ಅನ್ನುವುದು ನಮ್ಮ ಬೆರಳಲ್ಲಿತ್ತು. ಜೂಮ್ ಲೆನ್ಸ್ ಚೀಲದಲ್ಲೇ ಇತ್ತು.

ಹಿನ್ನೆಲೆಯೇ ಸುದ್ದಿ

ಅಂದಿನಿಂದ ನಮಗೆ ಒಂದು ವಿಷಯ ಕಾಡುತ್ತಿದೆ. ಊರಿನ ಸುದ್ದಿಯಲ್ಲಿ ಹಿನ್ನೆಲೆ ಅನ್ನುವುದು ಅಲಂಕಾರವಲ್ಲ. ನೀರಿಲ್ಲದ ನಲ್ಲಿ, ಬಾಗಿಲು ಹಾಕಿದ ಆಸ್ಪತ್ರೆ, ಸೋರುವ ಶಾಲೆಯ ಮಾಳಿಗೆ, ಗುಂಡಿ ಬಿದ್ದ ರಸ್ತೆ, ಒಣಗಿದ ಬೆಳೆ, ಇವೆಲ್ಲ ಮನುಷ್ಯನ ಹಿಂದೆಯೇ ಇರುತ್ತವೆ. ಮುಖವನ್ನು ಚೊಕ್ಕ ಮಾಡಿ ಹಿಂದಿನದನ್ನು ಅಳಿಸಿದರೆ ನೋಡುವವರಿಗೆ ಕನಿಕರ ಹುಟ್ಟುತ್ತದೆ, ಕಾರಣ ಕಾಣುವುದಿಲ್ಲ. ಅಯ್ಯೋ ಪಾಪ ಅಂದು ಮುಂದಿನ ಫೋಟೊಕ್ಕೆ ಬೆರಳು ಸರಿಸುತ್ತಾರೆ. ಯಾಕೆ ಹೀಗಾಯಿತು, ಯಾರು ಉತ್ತರ ಕೊಡಬೇಕು ಅಂತ ಕೇಳುವುದಿಲ್ಲ.

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಗಳ ಫೋಟೊವನ್ನೂ ನಾವು ಹೀಗೇ ತೆಗೆದಿದ್ದೆವು. ಹಿಂದೆ ಸೊಗಸಾದ ಕೆಂಪು ಬಣ್ಣ. ಅದು ಕಾಯಿಯ ರಾಶಿಯೋ ಮದುವೆಯ ಶಾಮಿಯಾನವೋ ಯಾರಿಗೂ ತಿಳಿಯಲಿಲ್ಲ. ಅವಳ ದುಡಿಮೆಯ ಫೋಟೊ ಆಗಬೇಕಿದ್ದದ್ದು ಬರೀ ಒಬ್ಬ ಸುಂದರ ಹೆಂಗಸಿನ ಫೋಟೊ ಆಯಿತು. ಅವಳ ಸುತ್ತ ಅವಳ ಕೆಲಸವನ್ನು ತೋರಿಸದೆ ಕೂಲಿಯ ಮಾತು ಬರೆದರೆ ಓದುವವರು ನಂಬುವುದು ಹೇಗೆ?

ಇದಕ್ಕೆ ಎದುರು ಮಾತೂ ಇದೆ, ನಮ್ಮ ನಾಲ್ವರಲ್ಲೇ ಜಗಳವಾಗಿದೆ. "ಮಬ್ಬು ಇಲ್ಲದಿದ್ದರೆ ಯಾರೂ ನಿಂತು ನೋಡುವುದಿಲ್ಲ, ನೋಡದ ಫೋಟೊದಲ್ಲಿ ಗೋಡೆ ಇದ್ದರೆಷ್ಟು ಬಿಟ್ಟರೆಷ್ಟು" ಅಂತ ನಮ್ಮಲ್ಲೊಬ್ಬ ವಾದಿಸುತ್ತಾನೆ. ಅವನ ಮಾತಿನಲ್ಲಿ ಹುರುಳಿದೆ. ಮುಖ ಜನರನ್ನು ನಿಲ್ಲಿಸುತ್ತದೆ, ಅದು ನಿಜ. ಇನ್ನೊಂದು ಕಡೆ ಮಬ್ಬು ಮರ್ಯಾದೆಯನ್ನೂ ಕಾಯುತ್ತದೆ. ಆಸ್ಪತ್ರೆಯ ವಾರ್ಡಿನಲ್ಲಿ ಒಬ್ಬರ ಫೋಟೊ ತೆಗೆಯುವಾಗ ಹಿಂದಿನ ಮಂಚದವರು ಗುರುತು ಸಿಗದಿರುವುದೇ ಸರಿ. ಹಿತ್ತಲಲ್ಲಿ ಸ್ನಾನ ಮಾಡುವ ಮಗು, ಒಣಹಾಕಿದ ಬಟ್ಟೆ, ಇವನ್ನೆಲ್ಲ ಊರಿಗೆ ತೋರಿಸಬೇಕಿಲ್ಲ.

ಹಾಗಾಗಿ ನಮ್ಮ ತಕರಾರು ಮಬ್ಬಿನ ಮೇಲಲ್ಲ. ಯೋಚಿಸದೆ ಮಾಡುವ ಮಬ್ಬಿನ ಮೇಲೆ. ಹಿಂದೆ ಇರುವುದನ್ನು ಅಳಿಸುವ ಮೊದಲು ಅದು ಯಾರಿಗೆ ಬೇಕಾಗಬಹುದು ಅಂತ ಒಂದು ಕ್ಷಣ ಕೇಳಿಕೊಳ್ಳಬೇಕು.

ಆ ಅಜ್ಜಿಯ ಮೇಲೆ ನಾವು ಒಂದು ನೇಮ ಮಾಡಿಕೊಂಡಿದ್ದೇವೆ. ಎಲ್ಲಿ ಹೋದರೂ ಮೂರು ಥರದ ಫೋಟೊ. ಮೊದಲು ಅಗಲದ್ದು: ಜೂಮ್ ಲೆನ್ಸ್ 18ರಲ್ಲಿ, ಎಫ್ 8 ಇಟ್ಟು, ಮೂರು ಮೀಟರ್ ದೂರದವರ ಮೇಲೆ ಫೋಕಸ್. ಹೀಗಿಟ್ಟರೆ ಸುಮಾರು ಒಂದೂಕಾಲು ಮೀಟರಿನಿಂದ ಆಚೆ ಗುಡ್ಡದವರೆಗೆ ಎಲ್ಲ ಚೊಕ್ಕವಾಗಿ ಬರುತ್ತದೆ. ಇದು ಸಾಕ್ಷಿಯ ಫೋಟೊ. ಗೋಡೆ, ಗುಂಡಿ, ಬಿರುಕು ಏನೇ ಇದ್ದರೂ ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿರಲಿ, ಆಗ ಅಳತೆ ತಿಳಿಯುತ್ತದೆ. ಎರಡನೆಯದು ನಡುವಿನದು: ಮನುಷ್ಯ ಮತ್ತು ಅವನ ಕೆಲಸ, ಅಥವಾ ಮನುಷ್ಯ ಮತ್ತು ಅವನ ಕಷ್ಟ, ಎರಡೂ ಒಟ್ಟಿಗೆ. ಮೂರನೆಯದಕ್ಕೆ ಫಿಫ್ಟಿ: ಮುಖ. ಅದನ್ನೂ 1.8ರ ಬದಲು ಎಫ್ 4ರಲ್ಲೋ 5.6ರಲ್ಲೋ ತೆಗೆಯುತ್ತೇವೆ, ಬೆಳಕು ಇಲ್ಲದಾಗ ಮಾತ್ರ ಪೂರ್ತಿ ತೆರೆಯುತ್ತೇವೆ. ಕೆನಾನ್‌ನಲ್ಲಿ ಡಯಲ್ ಎವಿ ಮೇಲೆ, ನಿಕಾನ್‌ನಲ್ಲಿ ಎ ಮೇಲೆ ಇಟ್ಟರೆ ಈ ಅಂಕಿ ನಿಮ್ಮ ಕೈಗೆ ಬರುತ್ತದೆ.

ಹಾಗಾದರೆ ಯಾರು ಕೊಳ್ಳಬೇಕು?

ಕ್ಯಾಮೆರಾ ಮತ್ತು 18–55 ಈಗಾಗಲೇ ಇದ್ದು, ರಾತ್ರಿ ಕಾರ್ಯಕ್ರಮ, ಆಟ, ಭಜನೆ, ಒಳಾಂಗಣದ ಕೆಲಸ ಹೆಚ್ಚು ಮಾಡುವವರು ಕೊಳ್ಳಿ. ಮದುವೆಯವರು ಎರಡನೇ ಲೆನ್ಸಾಗಿ ಕೊಳ್ಳಿ. ಒಬ್ಬೊಬ್ಬರ ಸಂದರ್ಶನ ಮಾಡುವ ಚಾನೆಲ್‌ನವರೂ ಕೊಳ್ಳಬಹುದು.

ಚಿಕ್ಕ ಮನೆ, ಚಿಕ್ಕ ಅಂಗಡಿ, ತರಗತಿಯೊಳಗೆ ಹೆಚ್ಚು ಕೆಲಸವಿರುವವರು ನಿಕಾನ್ ಆದರೆ 35 ಎಂಎಂ ಎಫ್ 1.8ಜಿ ನೋಡಿ. ಕೆನಾನ್ ಆದರೆ 24 ಎಂಎಂ ಎಫ್ 2.8 ಎಸ್‌ಟಿಎಂ ಇದೆ, ರೊಟ್ಟಿಯ ಹಾಗೆ ಚಪ್ಪಟೆ ಲೆನ್ಸ್. ಬೆಳಕು ಫಿಫ್ಟಿಗಿಂತ ಕಡಿಮೆ ಹಿಡಿದರೂ ನೋಟ ಅಗಲ.

ಇನ್ನೂ ಕ್ಯಾಮೆರಾ ಬ್ಯಾಗು, ಎರಡನೇ ಬ್ಯಾಟರಿ, ಒಳ್ಳೆಯ ಮೆಮೊರಿ ಕಾರ್ಡು, ಮೈಕು ಇಲ್ಲದವರು ಮೊದಲು ಅವನ್ನು ಕೊಳ್ಳಿ. ಬ್ಯಾಟರಿ ಸತ್ತ ಕ್ಯಾಮೆರಾಕ್ಕೆ ಯಾವ ಲೆನ್ಸ್ ಹಾಕಿದರೂ ಅಷ್ಟೇ. ಸಾಲ ಮಾಡಿಯಂತೂ ಕೊಳ್ಳಬೇಡಿ. ನಮ್ಮ ಹಾಗೆ ಮೂರು ನಾಲ್ಕು ಜನ ಸೇರಿ ಕೊಳ್ಳುವುದು ನಾಚಿಕೆಯ ವಿಷಯವಲ್ಲ. ಊರಲ್ಲಿ ಬಿತ್ತುವ ಕೂರಿಗೆಯನ್ನು, ರಾಶಿ ಮಷೀನನ್ನು ಹಂಚಿಕೊಂಡು ಬಳಸುವುದಿಲ್ಲವೇ, ಇದೂ ಹಾಗೇ.

ಹಳೆಯದು ಕೊಳ್ಳುವವರು ಅಂಗಡಿಯಲ್ಲೇ ನಿಂತು ನಾಲ್ಕು ಪರೀಕ್ಷೆ ಮಾಡಿ. ಲೆನ್ಸಿನ ಹಿಂದಿನಿಂದ ಫೋನಿನ ಟಾರ್ಚ್ ಹಾಕಿ ಗಾಜಿನೊಳಗೆ ಬಲೆಯ ಹಾಗೆ ಬೂಸ್ಟು ಇದೆಯೇ ನೋಡಿ. ನಿಮ್ಮದೇ ಕ್ಯಾಮೆರಾಕ್ಕೆ ಹಾಕಿ ಹತ್ತಿರ, ದೂರ ಹತ್ತು ಸಲ ಫೋಕಸ್ ಮಾಡಿಸಿ, ಎಲ್ಲಾದರೂ ತಡವರಿಸುತ್ತದೆಯೇ ಗಮನಿಸಿ. ಮೂತಿ ಅಲುಗಾಡುತ್ತದೆಯೇ ಮೆಲ್ಲಗೆ ಮುಟ್ಟಿ ನೋಡಿ. 1.8ರಲ್ಲಿ ಒಂದು, 8ರಲ್ಲಿ ಒಂದು ತೆಗೆದು, ಕಂಡಿ ಸರಿಯಾಗಿ ಮುಚ್ಚಿ ತೆರೆಯುತ್ತಿದೆಯೇ ಖಾತ್ರಿ ಮಾಡಿಕೊಳ್ಳಿ.

ನಮ್ಮ ಫಿಫ್ಟಿ ಈಗಲೂ ಚೆನ್ನಾಗಿದೆ. ಉಂಗುರದ ರಬ್ಬರ್ ಸ್ವಲ್ಪ ಸವೆದಿದೆ, ಮುಚ್ಚಳ ಒಂದು ಸಲ ಜಾತ್ರೆಯಲ್ಲಿ ಕಳೆದು ಹೊಸದು ತಂದಿದ್ದೇವೆ. ಕಳೆದ ಮಳೆಗಾಲದಲ್ಲಿ ಆ ಅಜ್ಜಿಯ ಊರಿಗೆ ಮತ್ತೆ ಹೋಗಿದ್ದೆವು. ಅಜ್ಜಿ ಮಗಳ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಮುಖ ತುಂಬ ಬರುವ ಹಾಗೆ ಒಂದು ಫೋಟೊ ತೆಗೆಯಲು ಕೇಳಿದೆವು. ನಕ್ಕಳು. "ತಗೀ. ಆದ್ರ ಈ ಸಲ ಗ್ವಾಡಿನೂ ಬರಲಿ" ಅಂದಳು.

ಐದು ಹೆಜ್ಜೆ ಹಿಂದೆ ಸರಿದು, ಮೊದಲು ಗೋಡೆ ಕಾಣುವ ಹಾಗೆ ತೆಗೆದೆವು.